ಮರು: ಪದ ಬೇಕು – ಹೆರಿಡಿಟರಿ ಆಂಜಿಯೋಎಡಿಮಾ (ರೋಗಿಯ ಕಾರ್ಡಿಗೆ, ತುರ್ತು)

ಗೆಳೆಯರೇ,

ಹೆರಿಡಿಟರಿ ಆಂಜಿಯೋಎಡಿಮಾ, ಅಂದರೆ ಜೀನಿನ ದೋಷದಿಂದ ಮುಖ, ಗಂಟಲು ಬಾಯೋ ಕಾಯಿಲೆಗೆ, ರೋಗಿಯ ಕಾರ್ಡಿನಲ್ಲಿ ಹಾಕೋಕೆ ಒಂದು ಕನ್ನಡ ಪದ ಬೇಕು, ಕಾರ್ಡು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು ಅಂತ ಕೇಳಿದವರು ಮೊದಲ ಸಾಲಲ್ಲೇ ಬರೆದಿದ್ದಾರೆ. ಇಲ್ಲಿ ನೋಡಿದರೆ ಊತ ಸರಿಯೋ ಬಾವು ಸರಿಯೋ ಅಂತ ಎರಡು ದಿನದಿಂದ ಜಗಳ. ಎರಡೂ ಅಚ್ಚಗನ್ನಡವೇ. 'ತುಟಿ ಬಾತಿದೆ' ಅಂತ ತೀರ್ಥಹಳ್ಳಿ ಕಡೆ ಎಲ್ಲರೂ ಹೇಳುತ್ತಾರೆ, ಬಾವು ಅದೇ ಬೇರಿನದು, ಅದೇ ಇರಲಿ. ಸಂಸ್ಕೃತದ ಶೋಥ ಬೇಡ. ಉರಿಯೂತ ತಪ್ಪು, ಅದು ಇನ್‌ಫ್ಲಮೇಶನ್, ಬೇರೆಯದೇ ವಿಷಯ. 'ನರನಾಳ ಬಾವು' ಸಹ ಬೇಡ. 1888ರಲ್ಲಿ ವೈದ್ಯ ವಿಲಿಯಂ ಆಸ್ಲರ್ ಇದನ್ನು ವಿವರಿಸಿದಾಗ ಹೆಸರಿನಲ್ಲಿ ನರವೂ ಇತ್ತು (ಆಂಜಿಯೋನ್ಯೂರೋಟಿಕ್), ನಿಜ. ಆದರೆ ಸಿ1 ಇನ್‌ಹಿಬಿಟರ್ ಅನ್ನೋ ಪ್ರೋಟೀನಿನ ಕೊರತೆಯಿಂದ ಹೀಗಾಗುತ್ತದೆ ಅಂತ 1963ರಲ್ಲಿ ಗೊತ್ತಾಯಿತು. ವೈದ್ಯರೇ ಕೈಬಿಟ್ಟ ನರವನ್ನು ಕನ್ನಡಕ್ಕೆ ತರೋದು ಬೇಡ.

ನನ್ನ ದೊಡ್ಡ ತಕರಾರು 'ಅಲರ್ಜಿ ಬಾವು' ಬಗ್ಗೆ. ಜನಕ್ಕೆ ಬೇಗ ಅರ್ಥವಾಗುತ್ತದೆ ಅಂತ ಇಬ್ಬರು ಅದನ್ನೇ ಹಿಡಿದು ಕೂತಿದ್ದಾರೆ. ಅರ್ಥವಾಗುತ್ತದೆ, ಆದರೆ ತಪ್ಪಾಗಿ. ಅಲರ್ಜಿಯಲ್ಲಿ ಬಾವು ತರೋದು ಮೈಯಲ್ಲೇ ಹುಟ್ಟೋ ಹಿಸ್ಟಮಿನ್ ಅನ್ನೋ ರಾಸಾಯನಿಕ, ಇಲ್ಲಿ ಬ್ರಾಡಿಕೈನಿನ್ ಅನ್ನೋ ಬೇರೊಂದು. ಅಲರ್ಜಿಗೆ ಕೊಡೋ ಆಂಟಿಹಿಸ್ಟಮಿನ್, ಸ್ಟೆರಾಯ್ಡ್, ಅಡ್ರಿನಲಿನ್ ಯಾವುದೂ ಇದಕ್ಕೆ ನಾಟುವುದಿಲ್ಲ. ಬೇಕಾದದ್ದು ಸಿ1 ಇನ್‌ಹಿಬಿಟರ್ ಇಲ್ಲವೇ ಬ್ರಾಡಿಕೈನಿನ್ ತಡೆಯೋ ಇಕಾಟಿಬಂಟ್ ಅನ್ನೋ ಔಷಧಿ, ಅವು ಸಿಗದ ಕಡೆ ಫ್ರೆಶ್ ಫ್ರೋಜನ್ ಪ್ಲಾಸ್ಮಾ (ದಾನಿಗಳ ರಕ್ತದಿಂದ ಬೇರ್ಪಡಿಸಿ ಹೆಪ್ಪುಗಟ್ಟಿಸಿಟ್ಟ ದ್ರವ). ಗಂಟಲು ಬಾತರೆ ಉಸಿರೇ ಕಟ್ಟಬಹುದು. ಮಳೆಗಾಲದ ರಾತ್ರಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ 108ರಲ್ಲಿ ಬಂದವರ ಕಾರ್ಡಿನಲ್ಲಿ ಅಲರ್ಜಿ ಅಂತ ಓದಿ, ಅಲರ್ಜಿಯ ಇಂಜೆಕ್ಷನ್ ಕೊಟ್ಟು, ಈಗ ಇಳಿಯುತ್ತೆ ಅಂತ ಕಾದು ಕೂತರೆ ಗತಿಯೇನು? ಆ ಪದ ಬರೋದಾದರೆ 'ಅಲರ್ಜಿ ಅಲ್ಲ' ಅಂತ ಮಾತ್ರ ಬರಬೇಕು, ದಪ್ಪ ಅಕ್ಷರದಲ್ಲಿ.

'ಮನೆತನದ ಬಾವು' ಕೇಳೋಕೆ ಚೆಂದ, ಆದರೆ ಬೇಡ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರೋ ಸಂಭವ ಅರ್ಧಕ್ಕರ್ಧ, ಸರಿ. ಆದರೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ, ಅವರ ಜೀನಿನಲ್ಲೇ ಹೊಸದಾಗಿ ಬದಲಾವಣೆ ಆಗಿರುತ್ತದೆ. ಅಂಥವರು 'ನಮ್ಮಲ್ಲಿ ಯಾರಿಗೂ ಇಲ್ವಲ್ಲ' ಅಂತ ಕಾರ್ಡನ್ನೇ ನಂಬುವುದಿಲ್ಲ. ಮದುವೆ ಮಾತುಕತೆಯಲ್ಲಿ ಆ ಪದ ಏನು ಮಾಡುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ.

ಇನ್ನು, ಇಂಗ್ಲಿಷ್ ಹೆಸರು ಉಳಿಸಿಕೊಂಡರೆ ಕನ್ನಡ ಸೋತ ಹಾಗೆ ಅನ್ನೋ ವಾದ. ಒಪ್ಪುವುದಿಲ್ಲ. ವೈದ್ಯರು ಗುರುತಿಸೋದು ಆ ಹೆಸರನ್ನೇ. ಕನ್ನಡ ಬೇಕಿರೋದು ಮನೆಯವರಿಗೆ, ಆಂಬುಲೆನ್ಸಿನವರಿಗೆ. 1957ರಲ್ಲಿ ಕ್ಯಾಸನೂರು ಕಾಡಿನ ಜ್ವರ ಬಂದಾಗ ಮಂಗಗಳು ಸಾಯೋದು ಕಣ್ಣಿಗೆ ಕಾಣುತ್ತಿತ್ತು, ಮಂಗನ ಕಾಯಿಲೆ ಅನ್ನೋ ಹೆಸರು ನಿಂತಿತು. ಇಲ್ಲಿ ಕಣ್ಣಿಗೆ ಕಾಣೋದು ಏನು? ಮುಖ ಬಾಯುತ್ತದೆ, ಆದರೆ ಗಂಧೆ ಏಳುವುದಿಲ್ಲ, ತುರಿಸುವುದಿಲ್ಲ. ಹಾಗಾಗಿ ನನ್ನ ಸಲಹೆ 'ತುರಿಕೆಯಿಲ್ಲದ ಬಾವು'.

ಕಾರ್ಡಿಗೆ ಹೀಗೆ ಹಾಕಿ:

ಹೆರಿಡಿಟರಿ ಆಂಜಿಯೋಎಡಿಮಾ – ತುರಿಕೆಯಿಲ್ಲದ ಬಾವು. ಅಲರ್ಜಿ ಅಲ್ಲ. ಗಂಟಲು ಬಾತರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಿ. ಹಲ್ಲು ಕೀಳಿಸುವ ಮುಂಚೆ, ಆಪರೇಷನ್‌ಗೆ ಮುಂಚೆ ಈ ಕಾರ್ಡು ತೋರಿಸಿ. ಬಿಪಿಗೆ ಎನಲಪ್ರಿಲ್, ರಾಮಿಪ್ರಿಲ್ ಬೇಡ.

ಮೊದಲ ಸಾಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಹಾಕಿಸಿ.