ಪದ ಬೇಕಿದೆ (ತುರ್ತು): ರೈಫಲಿನ ‘ಹ್ಯಾಂಡ್‌ಗಾರ್ಡ್’ ಮತ್ತು ‘ಫ್ರೀ ಫ್ಲೋಟ್’

ಮಾನ್ಯರೇ,

ಅಮೆರಿಕದಲ್ಲಿ ಗುರಿ ಸ್ಪರ್ಧೆಗಳಿಗೆ ಹೋಗುವ ಕೆಲವು ಕನ್ನಡಿಗರಿಗಾಗಿ ಎಆರ್-15 ರೈಫಲಿನ ಬಿಡಿಭಾಗಗಳನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ನಳಿಗೆಯ ಸುತ್ತ, ಮುಂದಿನ ಕೈ ಹಿಡಿಯುವ ಜಾಗದಲ್ಲಿರುವ ಭಾಗಕ್ಕೆ ‘ಹ್ಯಾಂಡ್‌ಗಾರ್ಡ್’ ಎನ್ನುತ್ತಾರೆ. ನಾನು ‘ಹಸ್ತರಕ್ಷಕ’ ಎಂದು ಬರೆದಿದ್ದೆ. ಕರಡು ಓದಿದವರು ಅದನ್ನು ಕೈಗವಸು ಎಂದೇ ತಿಳಿದರು. ‘ಫ್ರೀ ಫ್ಲೋಟ್’ ಎಂಬುದಕ್ಕೆ ‘ತೇಲುವ’ ಎಂದರೆ ಸಾಕೇ ಎಂಬುದೂ ತಿಳಿಯದು. 40 ಡಾಲರಿನ ಪ್ಲಾಸ್ಟಿಕ್ಕಿನದು ಸಿಗುತ್ತಿರುವಾಗ 300 ಡಾಲರ್ ಕೊಟ್ಟು ಲೋಹದ್ದನ್ನು ಕೊಳ್ಳುವುದು ಸಾರ್ಥಕವೇ ಎಂಬುದೇ ಬರಹದ ವಿಷಯವಾದ್ದರಿಂದ, ಈ ಎರಡು ಪದಗಳು ಪ್ರತಿ ಪುಟದಲ್ಲೂ ಬರುತ್ತವೆ.

ಮೊದಲ ಉತ್ತರ

ಹ್ಯಾಂಡ್‌ಗಾರ್ಡ್ ಎಂದೇ ಬರೆಯಿರಿ. ಕೊಳ್ಳುವವನು ಅಂಗಡಿಯಲ್ಲಿ ಕೇಳುವುದು ಆ ಪದವನ್ನೇ. ಕ್ಲಚ್ಚಿಗೂ ಸ್ಪ್ಯಾನರಿಗೂ ಇಲ್ಲದ ಕನ್ನಡ ಇದಕ್ಕೆ ಮಾತ್ರ ಏಕೆ ಬೇಕಾಯಿತೋ ತಿಳಿಯಲಿಲ್ಲ.

ಎರಡನೆಯ ಉತ್ತರ

ಮೇಲಿನ ಉತ್ತರ ಉತ್ತರವಲ್ಲ. ಕೈ, ಕಾಪು ಸೇರಿ ಆದೇಶವಾಗಿ ‘ಕೈಗಾಪು’ ಎಂಬ ಪದ ತಾನಾಗಿಯೇ ಒದಗುತ್ತದೆ. ಯಾರಾದರೂ ‘ಹಸ್ತಗಾಪು’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ. ಬರಹದಲ್ಲಿ ‘ಬಂದೂಕು’ ಎಂಬುದು ಬಂದಿದ್ದರೆ ಅದನ್ನೂ ತೆಗೆದುಹಾಕಿ ‘ಕೋವಿ’ ಎಂದು ತಿದ್ದಬೇಕು. ಬಂದೂಕು ಅರಬ್ಬಿಯ ‘ಬುಂದುಕ್’ನಿಂದ ಬಂದದ್ದು; ಆ ಪದಕ್ಕೆ ಮೊದಲಿದ್ದ ಅರ್ಥ ಹೇಜಲ್ ಕಾಯಿ, ಅದರ ಹಿಂದಿರುವುದು ಕಪ್ಪು ಸಮುದ್ರದ ತೀರದ ಪೊಂಟಸ್ ನಾಡಿನ ಕಾಯಿ ಎಂಬ ಗ್ರೀಕ್ ಹೆಸರು. ಕಾಯಿಯಿಂದ ಗುಂಡು, ಗುಂಡಿನಿಂದ ಅದನ್ನು ಹಾರಿಸುವ ಆಯುಧ ಎಂದು ಅರ್ಥ ಜರುಗುತ್ತ ಬಂದಿತು. ತುಪಾಕಿಯ ಬೇರು ತುರ್ಕಿಯಲ್ಲಿದೆ. ಕೊಳವೆ ಎಂಬ ಅರ್ಥವಿರುವ ಕೋವಿ ನಮ್ಮದು, ಕೊಡಗು ಮಲೆನಾಡುಗಳಲ್ಲಿ ಇಂದಿಗೂ ಬಾಯಲ್ಲಿರುವ ಪದ. ಇನ್ನು ‘ಫ್ರೀ ಫ್ಲೋಟ್’ಗೆ ‘ಬಿಡುತೇಲು’ ಎಂಬುದು ನನ್ನ ಸೂಚನೆ.

ಮೂರನೆಯ ಉತ್ತರ

ಬುಂದುಕ್‌ನ ಕಥೆ ಸ್ವಾರಸ್ಯವಾಗಿದೆ. ಆದರೆ ಕೇಳಿದವರಿಗೆ ನಾಳೆ ಸಂಜೆಗೆ ಬೇಕಾದದ್ದು ಅದಲ್ಲ. ‘ಕೈಗಾಪು’ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾಗಿದ್ದರೂ ಈ ಬರಹದಲ್ಲಿ ಬಳಸಿದರೆ ಓದುಗನಿಗೆ ತಪ್ಪು ಉತ್ತರ ಕೊಡುತ್ತದೆ ಎಂಬುದು ನನ್ನ ಆಕ್ಷೇಪ. ಎಆರ್-15ರ ಸೈನಿಕ ರೂಪವಾದ, ವಿಯೆಟ್ನಾಂ ಕಾಲದ ಎಂ-16 ರೈಫಲಿನಲ್ಲಿ ಎರಡು ಹೋಳಾಗಿ ಬರುತ್ತಿದ್ದ, ಒಳಗೆ ಅಲ್ಯೂಮಿನಿಯಂ ತಗಡು ಹೊದಿಸಿದ್ದ ಪ್ಲಾಸ್ಟಿಕ್ ಭಾಗವು ಕಾದ ನಳಿಗೆಯಿಂದ ಕೈಯನ್ನು ಕಾಯುವುದಕ್ಕೇ ಇತ್ತು, ಹಾಗಾಗಿ ಅದನ್ನು ಕೈಗಾಪು ಎಂದರೆ ಒಪ್ಪುತ್ತದೆ. ಇಂದು ಹೆಚ್ಚು ಬೆಲೆಗೆ ಮಾರುವ ತೆಳುವಾದ ಅಲ್ಯೂಮಿನಿಯಂ ಭಾಗವು ಕೈಯನ್ನು ಕಾಯುವುದರಲ್ಲಿ ಆ ಅಗ್ಗದ ಪ್ಲಾಸ್ಟಿಕ್ಕಿಗಿಂತ ಕಡಿಮೆಯೇ. ಬಿಡದೆ ಗುಂಡು ಹಾರಿಸಿದರೆ ಅದೇ ಬಿಸಿಯಾಗುತ್ತದೆ, ಹಲವರು ಕೈಗವಸು ಹಾಕಿಕೊಳ್ಳುತ್ತಾರೆ. ‘ಕೈಗಾಪು’ ಎಂದು ಓದಿದವನು ಹೆಚ್ಚು ಹಣಕ್ಕೆ ಹೆಚ್ಚು ಕಾಪು ಸಿಗುತ್ತದೆ ಎಂದು ತಿಳಿದರೆ ತಪ್ಪು ಅವನದಲ್ಲ.

ಹಣ ಕೊಟ್ಟು ಕೊಳ್ಳುವುದೇನು ಎಂಬುದು ‘ಫ್ರೀ ಫ್ಲೋಟ್’ ಎಂಬ ಮಾತಿನಲ್ಲಿದೆ, ಅದನ್ನು ಕೇಳಿದವರೂ ಎರಡನೆಯವರೂ ಹ್ಯಾಂಡ್‌ಗಾರ್ಡಿನ, ಅಂದರೆ ನಳಿಗೆಯ ಹೊದಿಕೆಯ, ವಿಶೇಷಣವೆಂದು ಭಾವಿಸಿದ್ದೀರಿ. ಬಿಡುಗಡೆ ಇರುವುದು ನಳಿಗೆಗೆ. ಹಳೆಯ ಬಗೆಯಲ್ಲಿ ಹೊದಿಕೆಯ ಮುಂತುದಿ ನಳಿಗೆಯ ಮೇಲೇ ಕೂತಿರುತ್ತದೆ, ಹಾಗಾಗಿ ಹೆಗಲಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದರೂ, ಮುಂಭಾಗವನ್ನು ಬೈಪಾಡಿನ (ಎರಡು ಕಾಲಿನ ಊರುಗೋಲಿನ) ಮೇಲೆ ಊರಿದರೂ ಆ ಒತ್ತಡ ನಳಿಗೆಗೆ ತಾಗಿ ಗುಂಡು ಬೀಳುವ ಜಾಗ ಕದಲುತ್ತದೆ. ಹೊಸ ಬಗೆಯದು ಹಿಂತುದಿಯಲ್ಲಿ, ನಳಿಗೆಯನ್ನು ರಿಸೀವರಿಗೆ (ರೈಫಲಿನ ಒಡಲಿಗೆ) ಬಿಗಿಯುವ ನಟ್ಟಿನ ಬಳಿ ಮಾತ್ರ ಹಿಡಿದುಕೊಂಡು ಮುಂದಕ್ಕೆ ಎಲ್ಲಿಯೂ ನಳಿಗೆಯನ್ನು ಸೋಕುವುದಿಲ್ಲ. ಆದ್ದರಿಂದ ‘ತೇಲುವ’, ‘ಬಿಡುತೇಲು’ ಎರಡನ್ನೂ ಕೈಬಿಟ್ಟು ‘ನಳಿಗೆ ಮುಟ್ಟದ ಹೊದಿಕೆ’ ಎಂದು ಬರೆಯಿರಿ. ಉದ್ದವಾಯಿತು ಎಂದರೆ, ಆಗಲಿ.

ಈ ಗುಣಕ್ಕೆ 300 ಡಾಲರ್ ತೆರಬೇಕಿಲ್ಲ, ಸುಮಾರು 150 ಡಾಲರಿನ ಹೊದಿಕೆಯೂ ನಳಿಗೆಯನ್ನು ಮುಟ್ಟುವುದಿಲ್ಲ ಎಂಬುದನ್ನು ನಿಮ್ಮ ಬರಹ ಎದ್ದು ಕಾಣುವಂತೆ ಹೇಳಬೇಕು. ಅದಕ್ಕಿಂತ ಮೇಲೆ ತೆರುವ ಹಣ ಹೋಗುವುದು ಬಹುಪಾಲು ಹಿಂತುದಿಯ ಆ ಒಂದು ಜೋಡಣೆಗೆ: ನಟ್ಟು ಉದ್ದವಾಗಿರುತ್ತದೆ, ಹೊದಿಕೆ ಅದನ್ನು ಹೆಚ್ಚು ಅಗಲಕ್ಕೆ ಅಪ್ಪಿ ಹಿಡಿಯುತ್ತದೆ, ತಿರುಗದಂತೆ ತಡೆಯುವ ಗೂಟಗಳು ರಿಸೀವರಿಗೆ ಕಚ್ಚಿಕೊಳ್ಳುತ್ತವೆ, ಪಕ್ಕದಿಂದ ಒತ್ತಿದರೆ ಬಾಗುವುದು ಕಡಿಮೆ. ಈ ಬಿಗಿತ ಯಾರಿಗೆ ಬೇಕು? ಹೊದಿಕೆಯ ಮೇಲೆ ಗುರಿಯನ್ನು ತೋರಿಸುವ ಸಾಧನವನ್ನು ಕೂರಿಸುವವರಿಗೆ, ಅಂದರೆ ಇರುಳಿನಲ್ಲಿ ಬಳಸುವ ಲೇಸರ್ ಅಥವಾ ಮಡಚುವ ಮುಂಗುರಿ (ಗುರಿ ನೋಡುವ ಮುಂದಿನ ಗೂಟ) ಇಟ್ಟುಕೊಳ್ಳುವವರಿಗೆ. ಹೊದಿಕೆ ಕೂದಲೆಳೆಯಷ್ಟು ತಿರುಗಿದರೂ ಲೇಸರ್ ಅದರೊಂದಿಗೆ ತಿರುಗುತ್ತದೆ, ನಳಿಗೆ ತಿರುಗುವುದಿಲ್ಲ. ಅಮೆರಿಕದ ವಿಶೇಷ ಪಡೆಗಳು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡದ್ದು ಈ ಕಾರಣಕ್ಕೇ. 2012ರಲ್ಲಿ ಬಂದ ಕೀಮಾಡ್, 2014ರಲ್ಲಿ ಬಂದ ಎಂ-ಲಾಕ್ ಎಂಬ, ಹೊದಿಕೆಗೆ ಸಾಧನಗಳನ್ನು ಕೂರಿಸುವ ಎರಡು ಜೋಡಣಾ ಪದ್ಧತಿಗಳನ್ನು ಆ ಪಡೆಗಳಿಗಾಗಿ ಇಂಡಿಯಾನಾದ ಕ್ರೇನ್‌ನಲ್ಲಿರುವ ನೌಕಾದಳದ ಕೇಂದ್ರ ಪರೀಕ್ಷಿಸಿದಾಗ, ಕಳಚಿ ಮತ್ತೆ ಕೂರಿಸಿದ ಸಾಧನ ಮೊದಲಿನ ಗುರಿಗೆ ಎಷ್ಟು ಹತ್ತಿರ ಮರಳುತ್ತದೆ ಎಂಬುದೂ ಪರೀಕ್ಷೆಯ ಭಾಗವಾಗಿತ್ತು. 2017ರಲ್ಲಿ ಹೊರಬಂದ ವರದಿಯಲ್ಲಿ ಎಂ-ಲಾಕ್ ಮೇಲುಗೈ ಪಡೆಯಿತು.

ನಿಮ್ಮ ಓದುಗರು ಸ್ಪರ್ಧೆಯವರು ಎಂದಿದ್ದೀರಿ. ಅವರ ಸ್ಕೋಪು (ಗುರಿ ನೋಡುವ ದೂರದರ್ಶಕ) ಇರುವುದು ರಿಸೀವರಿನ ಮೇಲೆ, ಹೊದಿಕೆಯ ಮೇಲಲ್ಲ. ಹೆಗಲಪಟ್ಟಿ ಎಳೆದು ಹಿಡಿಯುವವರಿಗೆ ನಳಿಗೆ ಮುಟ್ಟದ ಹೊದಿಕೆ ನಿಶ್ಚಯವಾಗಿ ಬೇಕು. ಅಮೆರಿಕದ ಸರ್ವಿಸ್ ರೈಫಲ್ (ಸೈನ್ಯದ ರೈಫಲಿನ ಮಾದರಿಯದನ್ನೇ ಬಳಸುವ) ಸ್ಪರ್ಧಿಗಳು ಹೊರಗೆ ಹಳೆಯ ಪ್ಲಾಸ್ಟಿಕ್ ಹೊದಿಕೆಯ ರೂಪವನ್ನೇ ಉಳಿಸಿಕೊಂಡು ಒಳಗೆ ಅಂಥ ಲೋಹದ ಕೊಳವೆ ಕೂರಿಸಿಕೊಳ್ಳುತ್ತಿದ್ದರು. ಆದರೆ ಮಧ್ಯಮ ಬೆಲೆಯದು ಅವರಿಗೆ ಸಾಕು, ಉಳಿದ 150 ಡಾಲರ್ ಒಳ್ಳೆಯ ಗುಂಡುಗಳಿಗೆ ಖರ್ಚಾದರೆ ಅಂಕಪಟ್ಟಿಯಲ್ಲಿ ಹೆಚ್ಚು ಕಾಣುತ್ತದೆ. ಪಟ್ಟಿಯನ್ನೂ ಬೈಪಾಡನ್ನೂ ಬಳಸದವರು 40 ಡಾಲರಿನಲ್ಲೇ ಇರಬಹುದು.

ಎರವಲಿನ ಬಗ್ಗೆ ಒಂದೇ ಮಾತು. ಗುಂಡು ಹಾರಿಸಲು ಎಳೆಯುವ ಭಾಗವನ್ನು ಕೋವಿಯ ‘ಕುದುರೆ’ ಎಂದ ನಮ್ಮ ಹಳ್ಳಿಯವರು ಇಂಗ್ಲಿಷಿನ ಯಾವ ಪದವನ್ನೂ ಬಿಡಿಸಿ ಕೂಡಿಸಲಿಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದರು. ‘ಹ್ಯಾಂಡ್’ ಕೈ, ‘ಗಾರ್ಡ್’ ಕಾಪು ಎಂದು ಎಣಿಸುವುದು ಎರವಲೇ, ಅಕ್ಷರ ಮಾತ್ರ ನಮ್ಮದು.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಮೊದಲ ಬಾರಿ ‘ಹ್ಯಾಂಡ್‌ಗಾರ್ಡ್ ಎಂದು ಅಂಗಡಿಯಲ್ಲಿ ಕರೆಯುವ ನಳಿಗೆ ಹೊದಿಕೆ’ ಎಂದು ಬರೆದು, ಮುಂದೆ ‘ಹೊದಿಕೆ’, ‘ನಳಿಗೆ ಮುಟ್ಟದ ಹೊದಿಕೆ’ ಎಂದಷ್ಟೇ ಬಳಸುತ್ತೇನೆ. ಬೆಲೆಯ ಭಾಗವನ್ನು ಲೇಸರ್ ಇರುವವರು, ಇಲ್ಲದವರು ಎಂದು ವಿಂಗಡಿಸಿ ತಿದ್ದಿದ್ದೇನೆ.

ಎರಡನೆಯ ಉತ್ತರ ಬರೆದವರಿಂದ

ಹೊದಿಕೆ ಎಂದರೆ ಕಂಬಳಿ. ಮುಟ್ಟದೆ ಹೊದೆಯುವುದು ಹೇಗೆ ಎಂಬುದನ್ನು ಮೂರನೆಯವರು ವಿವರಿಸಬೇಕು. ‘ನಳಿಗೆಗೂಡು’ ಎಂಬುದನ್ನು ಪರಿಶೀಲಿಸಿ. ಎಂ-ಲಾಕ್ ಎಂಬುದನ್ನು ಹಾಗೆಯೇ ಬಿಟ್ಟದ್ದಕ್ಕೂ ನನ್ನ ಒಪ್ಪಿಗೆಯಿಲ್ಲ.

ಮೂರನೆಯ ಉತ್ತರ ಬರೆದವರಿಂದ

ಎಂ-ಲಾಕ್ ಒಂದು ಹೆಸರು, ಅದನ್ನು ಅನುವಾದಿಸುವುದಿಲ್ಲ. ಹೆಂಚು ಹೊದೆಸಿದ ಮನೆಯಲ್ಲಿ ಹೆಂಚು ಒಳಗಿರುವ ಯಾರನ್ನೂ ಮುಟ್ಟುವುದಿಲ್ಲ. ಅಚ್ಚಿಗೆ ಕಳುಹಿಸಿ.