ಹುಲ್ಲಿನ ಹೂವಿಗೆ ‘ಸೂಲಂಗಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಕೈತೋಟದಲ್ಲಿ ಅಂದಕ್ಕಾಗಿ ಬೆಳೆಸುವ ಹುಲ್ಲುಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಮೂರು ದಿನದಿಂದ ತಡವರಿಸುತ್ತಿದ್ದೇನೆ.

ಈ ಹುಲ್ಲುಗಳ ತುದಿಯಲ್ಲಿ ತುಪ್ಪಳದಂಥ ಗೊಂಚಲು ಬರುತ್ತಲ್ಲ, ಅದಕ್ಕೆ ಏನನ್ನಬೇಕು? ‘ಹೂ’ ಅಂದರೆ ಓದುವವರ ಕಣ್ಣಿಗೆ ಎಸಳು ಬರುತ್ತದೆ. ಇದರಲ್ಲಿ ಬಣ್ಣದ ಎಸಳೇ ಇಲ್ಲ. ಒಂದು ಕಡ್ಡಿ ಮುರಿದು ಹತ್ತಿರದಿಂದ ನೋಡಿ: ಹೊಟ್ಟಿನಂಥ ಸಣ್ಣ ಸಿಪ್ಪೆಗಳು, ಅವುಗಳಿಂದ ಜೋತಾಡುವ ಕೇಸರ, ಸುತ್ತ ನವಿರಾದ ಕೂದಲು. ‘ತೆನೆ’ ಅನ್ನೋಣ ಅಂದರೆ ಕಾಳು ತುಂಬಿದ ಪೈರು ನೆನಪಾಗುತ್ತದೆ.

ಕಬ್ಬಿನ ತುದಿಯ ಇಂಥದೇ ಗೊಂಚಲಿಗೆ ರೈತರು ‘ಸೂಲಂಗಿ’ ಅನ್ನುತ್ತಾರೆ. ಕಬ್ಬೂ ಹುಲ್ಲಿನ ಕುಟುಂಬದ್ದೇ, ಅಲ್ವಾ? ತೋಟದ ಮಿಸ್ಕ್ಯಾಂಥಸ್ ಎಂಬ ಹುಲ್ಲಂತೂ ಕಬ್ಬಿಗೆ ತೀರಾ ಹತ್ತಿರದ ನೆಂಟ, ಎರಡನ್ನೂ ಕೂಡಿಸಿ ಮಿಶ್ರತಳಿ ಮಾಡುವಷ್ಟು. ಅದಕ್ಕೆ ಸೂಲಂಗಿ ಅನ್ನಲು ನನಗೆ ಹಿಂಜರಿಕೆ ಇಲ್ಲ. ಫೌಂಟನ್ ಗ್ರಾಸ್‌ ಸಜ್ಜೆಯ ಬಳಗದ್ದು. ಕಡ್ಡಿಯ ಸುತ್ತ ಒತ್ತಾಗಿ ಸೇರಿದ ಅದರ ಗೊಂಚಲು ಸಜ್ಜೆಯ ತೆನೆಯ ಹಾಗೇ ಕಾಣುತ್ತದೆ, ಮೇಲೆ ಕೂದಲು ಜಾಸ್ತಿ ಅಷ್ಟೆ. ಅದಕ್ಕೆ ತೆನೆಯೇ ಸರಿ ಅನಿಸುತ್ತದೆ. ಪಂಪಾಸ್ ಹುಲ್ಲಿನ ದೊಡ್ಡ ಬಿಳಿ ಗೊಂಚಲಿಗೆ ಮಾತ್ರ ಯಾವ ಹೆಸರು ಒಪ್ಪುತ್ತದೋ ತೀರ್ಮಾನಿಸಲು ಆಗಿಲ್ಲ. ‘ಕುಚ್ಚು’ ಎಂದು ಬರೆದು ಹೊಡೆದುಹಾಕಿದೆ.

ಎಲೆಯ ವಿಷಯದಲ್ಲಿ ಕಷ್ಟವಿಲ್ಲ. ‘ಗರಿ’ ಅಂದರೆ ಸಾಕು, ಉದ್ದ, ಸಪೂರ, ಕೈ ಕುಯ್ಯುವ ಅಂಚು ಎಲ್ಲವೂ ಅದರಲ್ಲೇ ಬಂತು.

ಇನ್ನೊಂದು ಪದ ‘ತೆಂಡೆ’. ರಾಗಿ, ಭತ್ತದ ಬುಡದಲ್ಲಿ ಒಡೆಯುವ ಮರಿಗಳಿಗೆ ಹೇಳುವ ಮಾತು. ಹುಲ್ಲಿನ ಹಿಂಡು ಹಳತಾದರೆ ನಡುವೆ ಒಣಗಿ, ಸುತ್ತ ಮಾತ್ರ ಬಳೆಯಂತೆ ಹಸಿರು ಉಳಿಯುತ್ತದೆ. ಆಗ ಬುಡಸಮೇತ ಅಗೆದು, ಹೊರಗಿನ ಮರಿಗಳನ್ನು ಬೇರುಸಹಿತ ಬಿಡಿಸಿ ನೆಡಬೇಕು. ಇದನ್ನು ‘ವಿಭಜಿಸಿ ನಾಟಿ ಮಾಡಿ’ ಎಂದು ಬರೆದರೆ ಏನನ್ನು ಎಲ್ಲಿ ಬಿಡಿಸಬೇಕೋ ತಿಳಿಯುವುದಿಲ್ಲ. ‘ತೆಂಡೆ ಬಿಡಿಸಿ ನೆಡಿ’ ಅಂದರೆ ಕೈ ತಾನಾಗಿ ಬುಡಕ್ಕೆ ಹೋಗುತ್ತದೆ. ಹೊಲದ ಇಂಥ ಮಾತುಗಳು ಇರುವಾಗ ಸುಮ್ನೆ ಹೊಸದು ಕಟ್ಟುವುದು ನನಗೆ ಇಷ್ಟವಿಲ್ಲ.

ನಿಮ್ಮ ಮನೆಮಾತಿನಲ್ಲಿ ಸೂಲಂಗಿ ಕಬ್ಬಿಗೆ ಮಾತ್ರವೇ, ಅಥವಾ ಬೇರೆ ಹುಲ್ಲಿಗೂ ಹೇಳುತ್ತೀರಾ? ತೆಂಡೆಗೆ ಬೇರೆ ಪದವಿದ್ದರೆ, ಬಳಸುವ ಒಂದು ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.