ಹೊಸ ಕಾಕಟೀಲ್ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ, ಕಾಳು ಬಿಟ್ಟು ಬೇರೇನೂ ತಿನ್ನುತ್ತಿಲ್ಲ: ಸಾಕಿದವರು ಹೇಳಿ

ಮನೆಗೆ ಒಂದು ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ) ಮರಿ ಬಂದಿದೆ. ಬೂದು ಮೈ, ಕೆನ್ನೆಯಲ್ಲಿ ಕಿತ್ತಳೆ ಚುಕ್ಕಿ. ಮೂರು ತಿಂಗಳಿನದು ಅಂತ ಕೊಟ್ಟವರು ಹೇಳಿದರು. ದಿನವಿಡೀ ಪಂಜರದ ಒಂದು ಮೂಲೆಯಲ್ಲೇ ಕೂತಿರುತ್ತದೆ. ಕೈ ಒಳಗೆ ಹೋದರೆ ಬುಸ್ ಅನ್ನುತ್ತದೆ, ಕಚ್ಚೋಕೆ ಬರುತ್ತದೆ. ಕಾಳು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಮೊನ್ನೆ ನಡುರಾತ್ರಿ ಇದ್ದಕ್ಕಿದ್ದಂತೆ ಪಟಪಟ ಬಡಿದುಕೊಂಡು ಗರಿ ಉದುರಿಸಿಕೊಂಡಿತು, ನಾವೆಲ್ಲ ಹೆದರಿಬಿಟ್ಟೆವು. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಹಕ್ಕಿ ಸಾಕುತ್ತಿರುವುದು ಇದೇ ಮೊದಲು. ನಿಮ್ಮ ಅನುಭವ ಹೇಳಿ, ದಯವಿಟ್ಟು.

* * *

ಬುಸ್ ಅನ್ನುವ ಕಾಕಟೀಲ್ ಜಗಳಗಂಟ ಹಕ್ಕಿಯಲ್ಲ, ಹೆದರಿದ ಹಕ್ಕಿ. ಇಲ್ಲಿಯವರೆಗೆ ಅದು ಕಂಡ ಕೈಗಳೆಲ್ಲ ಅದನ್ನು ಹಿಡಿದು ಪೆಟ್ಟಿಗೆಗೆ ಹಾಕಿದ ಕೈಗಳೇ ಇರಬೇಕು. ಹಾಗಾಗಿ ಸದ್ಯಕ್ಕೆ ಊಟ, ನೀರು ಇಡುವುದಕ್ಕೆ ಬಿಟ್ಟು ಕೈ ಒಳಗೆ ಹಾಕಲೇಬೇಡಿ. ಪಂಜರದ ಪಕ್ಕ ಕುರ್ಚಿ ಹಾಕಿಕೊಂಡು ನಿಮ್ಮ ಪಾಡಿಗೆ ಓದಿ, ಫೋನಿನಲ್ಲಿ ಮಾತಾಡಿ. ನೇರವಾಗಿ ದಿಟ್ಟಿಸಿ ನೋಡಬೇಡಿ. ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ. ನಾಲ್ಕೂ ಕಡೆ ಜನ ಓಡಾಡುತ್ತಿದ್ದರೆ ಅದಕ್ಕೆ ನೆಮ್ಮದಿ ಇರುವುದಿಲ್ಲ. ನೆಲದ ಮೇಲೆ ಇಡಬೇಡಿ, ನಿಮ್ಮ ಎದೆಮಟ್ಟಕ್ಕೆ ಇದ್ದರೆ ಒಳ್ಳೆಯದು.

ಜುಟ್ಟು ಓದೋಕೆ ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ನೆಟ್ಟಗೆ ನಿಂತಿದ್ದರೆ ಗಾಬರಿ, ಇಲ್ಲವೇ ಕುತೂಹಲ. ತಲೆಗೆ ಅಂಟಿಕೊಂಡು ಬಾಯಿ ತೆರೆದಿದ್ದರೆ ಹತ್ತಿರ ಬರಬೇಡಿ ಅಂತ. ಸ್ವಲ್ಪ ಹಿಂದಕ್ಕೆ ಬಾಗಿ ಸಡಿಲವಾಗಿದ್ದರೆ ಆರಾಮಾಗಿದೆ. ಒಂದು ಕಾಲು ಮಡಚಿ, ಗರಿ ಸ್ವಲ್ಪ ಉಬ್ಬಿಸಿ, ಕೊಕ್ಕನ್ನು ಕರಕರ ಮಸೆಯುತ್ತಾ ಕೂತಿದ್ದರೆ ನಿದ್ದೆಗೆ ಜಾರುತ್ತಿದೆ. ನೀವು ಪಕ್ಕದಲ್ಲಿದ್ದಾಗ ಕೊಕ್ಕು ಮಸೆಯಿತು ಅಂದರೆ ನಿಮ್ಮ ಮೇಲಿನ ಭಯ ಕಮ್ಮಿಯಾಗಿದೆ ಅಂತಲೇ ಲೆಕ್ಕ.

ಆಮೇಲೆ ನವಣೆ ತೆನೆ. ಕಾಕಟೀಲ್‌ಗಳಿಗೆ ಅದೆಂದರೆ ಪ್ರಾಣ. ಬಟ್ಟಲಿಗೆ ಹಾಕಬೇಡಿ, ನಿಮ್ಮ ಕೈಯಿಂದ ಮಾತ್ರ ಸಿಗಬೇಕು. ಸರಳುಗಳ ಹೊರಗಿನಿಂದ ತೆನೆ ಹಿಡಿದು ಸುಮ್ನೆ ಕೂತಿರಿ. ಮೊದಲ ಸಲ ಕಾಲು ಕದಲಿಸದೆ ಕತ್ತು ಮಾತ್ರ ಉದ್ದ ಮಾಡಿ, ಕೊಕ್ಕಿನ ತುದಿಯಲ್ಲಿ ಒಂದೇ ಕಾಳು ಕಿತ್ತುಕೊಂಡು ಹಿಂದೆ ಸರಿಯುತ್ತದೆ. ಅಷ್ಟು ಹೊತ್ತೂ ಕಣ್ಣು ನಿಮ್ಮ ಬೆರಳಿನ ಮೇಲೇ ಇರುತ್ತದೆ. ಆಗ ಬೆರಳು ಅಲುಗಿಸದೆ ಇರುವುದೇ ನಿಮ್ಮ ಕೆಲಸ. ದಿನ ಕಳೆದಂತೆ ಬೆರಳನ್ನು ತೆನೆಯ ತುದಿಗೆ ಹತ್ತಿರ ತನ್ನಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ. ಕೊನೆಗೆ ಬಾಗಿಲು ತೆಗೆದು, ಹೊಟ್ಟೆಯ ಕೆಳಗೆ, ಕಾಲಿಗೆ ಸ್ವಲ್ಪ ಮೇಲೆ ಬೆರಳು ಅಡ್ಡ ಹಿಡಿದರೆ ತಾನಾಗೇ ಹತ್ತುತ್ತದೆ.

ಕೈಗೆ ಗ್ಲೌಸ್ ಹಾಕಿಕೊಂಡು ಹಿಡಿಯಿರಿ, ಒಂದೇ ದಿನದಲ್ಲಿ ಪಳಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ರೆಕ್ಕೆ ಕತ್ತರಿಸಿ ಅಂದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಈ ವಯಸ್ಸಿನ ಮರಿ ಚೆನ್ನಾಗಿ ಹಾರೋದು, ಇಳಿಯೋದು ಕಲಿಯಬೇಕು. ಹಾರಲು ಬರುವ ಹಕ್ಕಿಗೆ ಧೈರ್ಯ ಜಾಸ್ತಿ.

* * *

ರಾತ್ರಿ ಬಡಿದುಕೊಂಡದ್ದಕ್ಕೆ ನಾನು ಹೇಳುತ್ತೇನೆ, ನಮ್ಮನೆಯ ಹಕ್ಕಿಗೂ ಇದೇ ತೊಂದರೆ ಇತ್ತು. ಸಾಕುಹಕ್ಕಿಗಳಲ್ಲಿ ಕಾಕಟೀಲ್‌ಗೆ ಇದು ಜಾಸ್ತಿ. ಇವುಗಳ ಮೂಲ ಆಸ್ಟ್ರೇಲಿಯಾದ ಒಣ ಬಯಲು. ಅಲ್ಲಿ ಗುಂಪಾಗಿ ಇರುತ್ತವೆ, ಅಪಾಯ ಅನ್ನಿಸಿದರೆ ಮೊದಲು ಮಾಡುವುದೇ ಹಾರಿಬಿಡುವುದು. ಮನೆಯ ಕತ್ತಲಲ್ಲಿ ಏನೋ ಸದ್ದಾಯಿತು, ಗೋಡೆ ಮೇಲೆ ಗಾಡಿಯ ಬೆಳಕು ಓಡಿತು ಅಂದರೂ ಅದೇ ಮಾಡುತ್ತದೆ. ಆದರೆ ಸುತ್ತ ಸರಳು.

ಸಣ್ಣ ರಾತ್ರಿ ದೀಪ ಹಾಕಿಡಿ, ಕೂರುವ ಕೋಲು ಕಾಣುವಷ್ಟು ಬೆಳಕು ಸಾಕು. ಪಂಜರಕ್ಕೆ ಮೂರು ಕಡೆ ಬಟ್ಟೆ ಮುಚ್ಚಿ, ಒಂದು ಕಡೆ ಬಿಡಿ. ಅದು ಮಲಗುವ ಕೋಲಿನ ಸುತ್ತ ಆಟಿಕೆ ನೇತಾಡುತ್ತಿದ್ದರೆ ರಾತ್ರಿ ತೆಗೆದಿಡಿ, ಗಾಬರಿಯಲ್ಲಿ ರೆಕ್ಕೆ ಸಿಕ್ಕಿಕೊಳ್ಳುತ್ತದೆ. 10ರಿಂದ 12 ಗಂಟೆ ನಿದ್ದೆ ಬೇಕು, ಟಿವಿ ಇರುವ ಕೋಣೆಯಲ್ಲಿ ಅದು ಸಿಗುವುದಿಲ್ಲ.

ಮತ್ತೆ ಹಾಗಾದರೆ ದೀಪ ಹಾಕಿ, ಮೆಲ್ಲಗೆ ಮಾತಾಡಿಸಿ. ಕೈ ಹಾಕಬೇಡಿ. ಸುಮ್ಮನಾದ ಮೇಲೆ ರಕ್ತ ಇದೆಯಾ ನೋಡಿ. ಹೊಸದಾಗಿ ಬೆಳೆಯುತ್ತಿರುವ ಗರಿಯ ಕೊಳವೆಯಲ್ಲಿ ರಕ್ತ ಇರುತ್ತದೆ, ಅದು ಮುರಿದರೆ ತೊಟ್ಟಿಕ್ಕುತ್ತದೆ. ಕಾರ್ನ್‌ಫ್ಲೋರ್ ಇಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಬೆಳಗಾಗುವ ತನಕ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಈ ಪುಟ್ಟ ಮೈಯಲ್ಲಿ ರಕ್ತ ಇರುವುದೇ ಸ್ವಲ್ಪ.

* * *

ಊಟದ ವಿಷಯ. ಬರೀ ಕಾಳು ತಿಂದರೂ ಹಕ್ಕಿ ಮೊದಮೊದಲು ಚೆನ್ನಾಗೇ ಇರುತ್ತದೆ, ಅದಕ್ಕೇ ಎಲ್ಲರೂ ಇದನ್ನು ಹಗುರವಾಗಿ ತಗೊಳ್ಳುತ್ತಾರೆ. ಕಾಳಿನಲ್ಲಿ, ಅದರಲ್ಲೂ ಸೂರ್ಯಕಾಂತಿ ಬೀಜದಲ್ಲಿ, ಕೊಬ್ಬು ಜಾಸ್ತಿ. ವಿಟಮಿನ್ ಎ, ಕ್ಯಾಲ್ಸಿಯಂ ತೀರಾ ಕಮ್ಮಿ. ವರ್ಷಗಟ್ಟಲೆ ಹೀಗೇ ನಡೆದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬಾಳುವ ಹಕ್ಕಿ ಇದು.

ಹಾಗಂತ ನಾಳೆಯಿಂದಲೇ ಕಾಳು ನಿಲ್ಲಿಸಬೇಡಿ. ಕಾಳು ಮಾತ್ರ ಕಂಡ ಮರಿಗೆ ಪೆಲೆಟ್ (ಹಕ್ಕಿಗಳಿಗೆಂದೇ ಮಾಡಿದ ಗುಳಿಗೆಯಂಥ ಸಿದ್ಧ ಆಹಾರ) ಊಟ ಅಂತಲೇ ಗೊತ್ತಿರುವುದಿಲ್ಲ, ಎದುರಿಗಿದ್ದರೂ ಉಪವಾಸ ಬೀಳುತ್ತದೆ. ಕಾಳಿನ ಜೊತೆ ಸ್ವಲ್ಪ ಪೆಲೆಟ್ ಬೆರೆಸಿ, ವಾರಗಟ್ಟಲೆ ಸಮಯ ತಗೊಂಡು ಅಳತೆ ಬದಲಿಸಿ. ತರಕಾರಿಯನ್ನು ಬೆಳಿಗ್ಗೆ, ಹೊಟ್ಟೆ ಹಸಿದಾಗ ಮೊದಲು ಇಡಿ. ಕ್ಯಾರೆಟ್ ತುರಿದು, ಸಿಹಿಗುಂಬಳ ಬೇಯಿಸಿ, ದಪ್ಪಮೆಣಸಿನಕಾಯಿ ಸಣ್ಣಗೆ ಹೆಚ್ಚಿ, ಮೇಲೆ ನಾಲ್ಕು ಕಾಳು ಉದುರಿಸಿ. ಕಾಳು ಹುಡುಕುತ್ತಾ ತರಕಾರಿಗೆ ಕೊಕ್ಕು ತಾಗಿಸುತ್ತದೆ, ರುಚಿ ಹತ್ತುವುದು ಹಾಗೆಯೇ. ನಮ್ಮದು ಬಟ್ಟಲಿನ ಸೊಪ್ಪನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ತೊಳೆದ ಎಲೆಯನ್ನು ಒದ್ದೆಯಾಗೇ ಸರಳಿಗೆ ಸಿಕ್ಕಿಸಿದೆವು. ಮೊದಲು ಅದಕ್ಕೆ ಮೈ ಉಜ್ಜಿ ಸ್ನಾನ ಮಾಡಿತು, ಆಮೇಲೆ ಅಂಚಿನಿಂದ ಹರಿದು ತಿನ್ನೋಕೆ ಶುರು ಮಾಡಿತು. ಹಸಿ ಊಟ ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ಪಂಜರದಲ್ಲಿ ಇರಬಾರದು.

ಇನ್ನೊಂದು, ಇದು ತುಂಬಾ ಮುಖ್ಯ. ಕಾಕಟೀಲ್ ಕಾಳಿನ ಸಿಪ್ಪೆ ಸುಲಿದು ತಿನ್ನುತ್ತದೆ. ಸಿಪ್ಪೆ ಬಟ್ಟಲಿಗೇ ಬೀಳುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದ ಹಾಗೇ ಕಾಣುತ್ತದೆ, ಒಳಗೆ ಒಂದು ಕಾಳೂ ಇರುವುದಿಲ್ಲ. ದಿನಾ ಹೊರಗೆ ತೆಗೆದು ಊದಿ ನೋಡಿ. ಸಿಪ್ಪೆ ಸುಲಿಯುವುದರಿಂದಲೇ ಹೊಟ್ಟೆಯಲ್ಲಿ ಕಾಳು ಅರೆಯೋಕೆ ಮರಳು, ಗ್ರಿಟ್ (ಸಣ್ಣ ಕಲ್ಲುಪುಡಿ) ಬೇಕಾಗಿಲ್ಲ. ಕಚ್ಚೋಕೆ ಒಂದು ಕಟ್ಲ್‌ಬೋನ್ (ಕಡಲಜೀವಿಯೊಂದರ ಬಿಳಿ ಒಳಚಿಪ್ಪು) ಸಿಕ್ಕಿಸಿಡಿ, ಕ್ಯಾಲ್ಸಿಯಂ ಸಿಗುತ್ತದೆ.

ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಮದ್ಯ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನ ತಿಂಡಿ ಯಾವುದೂ ಬೇಡ. ಸೇಬು ಕೊಡಬಹುದು, ಬೀಜ ತೆಗೆದು. ನಿಮ್ಮ ಬಾಯಿಂದ ತಿನ್ನಿಸಬೇಡಿ. ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಹಕ್ಕಿಗೆ ಆಗಿಬರುವುದಿಲ್ಲ.

* * *

ಕೇಳಿದವಳು ನಾನೇ. ಎಲ್ಲರಿಗೂ ಧನ್ಯವಾದ. ಪಂಜರ ಈಗ ಅಡುಗೆಮನೆಗೆ ತಾಗಿದ ಹಜಾರದಲ್ಲಿದೆ. ಎಲ್ಲರೂ ಅಲ್ಲೇ ಇರುತ್ತೇವಲ್ಲ, ಬೇಗ ಹೊಂದಿಕೊಳ್ಳುತ್ತದೆ ಅಂತ ಅಲ್ಲಿಟ್ಟೆವು. ಸರಿ ಅಲ್ವಾ?

* * *

ಇಲ್ಲ, ಅಲ್ಲಿಂದ ಇವತ್ತೇ ತೆಗೆಯಿರಿ. ನಾನ್‌ಸ್ಟಿಕ್ ಪಾತ್ರೆಗೆ ಬಳಿದಿರುವ ಪಿಟಿಎಫ್‌ಇ, ಅಂದರೆ ಟೆಫ್ಲಾನ್, ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ನಮಗೆ ಅದರ ವಾಸನೆಯೂ ಸರಿಯಾಗಿ ಬರುವುದಿಲ್ಲ. ಹಕ್ಕಿಗಳ ಉಸಿರಾಟ ನಮ್ಮದಕ್ಕಿಂತ ಬೇರೆ. ಶ್ವಾಸಕೋಶದ ಜೊತೆ ಮೈಯೊಳಗೆಲ್ಲ ಗಾಳಿಚೀಲಗಳಿರುತ್ತವೆ, ಗಾಳಿಯಲ್ಲಿ ಏನಿದ್ದರೂ ಬೇಗ, ಜಾಸ್ತಿ ಹೀರಿಕೊಳ್ಳುತ್ತವೆ. ಇದು ಬಾಣಲೆಗೆ ಮುಗಿಯುವುದಿಲ್ಲ. ಕೆಲವು ಇಸ್ತ್ರಿಪೆಟ್ಟಿಗೆ, ರೂಮ್ ಹೀಟರ್, ಏರ್ ಫ್ರೈಯರ್‌ಗಳಲ್ಲೂ ಇದೇ ಲೇಪನ ಇರುತ್ತದೆ. ನಮ್ಮ ಮನೆಯಲ್ಲಿ ಹಕ್ಕಿ ಬಂದ ಮೇಲೆ ನಾನ್‌ಸ್ಟಿಕ್ ಪೂರ್ತಿ ಬಿಟ್ಟು ಸ್ಟೀಲ್, ಕಬ್ಬಿಣಕ್ಕೆ ಬಂದೆವು. ಸಿಗರೇಟ್ ಹೊಗೆ, ಸೆಂಟ್ ಸ್ಪ್ರೇ, ಪರಿಮಳದ ಕ್ಯಾಂಡಲ್, ಕೀಟನಾಶಕ ಸ್ಪ್ರೇ ಇವೂ ಅದಿರುವ ಕೋಣೆಯಲ್ಲಿ ಬೇಡ.

ಹೊರಗೆ ಬಿಡುವ ಮೊದಲು ಫ್ಯಾನ್ ಆಫ್, ಕಿಟಕಿ ಬಂದ್, ಗಾಜಿಗೆ ಪರದೆ, ತೆರೆದ ನೀರಿನ ಪಾತ್ರೆಗೆ ಮುಚ್ಚಳ. ಬೆಕ್ಕು, ನಾಯಿ ಇದ್ದರೆ ಬೇರೆ ಕೋಣೆಗೆ. ಬೆಕ್ಕಿನ ಹಲ್ಲು ಸ್ವಲ್ಪ ತಾಗಿದರೂ, ಗಾಯ ಕಾಣದಿದ್ದರೂ, ಆ ದಿನವೇ ಡಾಕ್ಟರ್ ಹತ್ತಿರ ಹೋಗಬೇಕು. ಅದರ ಬಾಯಿಯ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಉಳಿಸುವುದು ಕಷ್ಟ.

* * *

ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ, ಗ್ರಾಂ ಲೆಕ್ಕದಲ್ಲಿ ತೋರಿಸುವಂಥದ್ದು. ಹಕ್ಕಿಗೆ ಹುಷಾರಿಲ್ಲ ಅಂತ ಮೊದಲು ಹೇಳುವುದು ಅದೇ. ಬೇಟೆಗೆ ಸಿಗುವ ಪ್ರಾಣಿಯಲ್ವಾ, ಸೊರಗಿದ್ದನ್ನು ಆದಷ್ಟು ದಿನ ಮುಚ್ಚಿಡುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದೆ ಅಂತ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ತೂಕ ಅದಕ್ಕೂ ಮುಂಚೆ ಇಳಿಯುತ್ತದೆ. ಬೆಳೆದ ಕಾಕಟೀಲ್ ಸಾಮಾನ್ಯವಾಗಿ 80ರಿಂದ 110 ಗ್ರಾಂ. ಬೆಳಿಗ್ಗೆ ಊಟಕ್ಕೆ ಮುಂಚೆ, ದಿನಾ ಅದೇ ಹೊತ್ತಿಗೆ ತೂಗಿ ಬರೆದಿಡಿ. ನೂರರಲ್ಲಿ ಹತ್ತು ಗ್ರಾಂ ಇಳಿದರೆ ಕಾಯಬೇಡಿ. ತಕ್ಕಡಿ ಮೇಲೆ ನವಣೆ ತೆನೆ ಇಟ್ಟರೆ ಓಡಿ ಬರುತ್ತದೆ.

ತಳಕ್ಕೆ ಬಿಳಿ ಕಾಗದ ಹಾಸಿ. ಹಿಕ್ಕೆಯಲ್ಲಿ ಹಸಿರೋ ಕಂದೋ ಗಟ್ಟಿ ಭಾಗ, ಬಿಳಿ ಭಾಗ, ಸ್ವಲ್ಪ ನೀರು, ಮೂರೂ ಇರಬೇಕು. ತರಕಾರಿ ತಿಂದ ದಿನ ನೀರು ಜಾಸ್ತಿ ಇರುತ್ತದೆ, ಅದು ಸರಿಯೇ. ಬಿಳಿ ಭಾಗ ಹಳದಿ, ಹಸಿರಾದರೆ ಸರಿಯಲ್ಲ. ಹಕ್ಕಿಗಳನ್ನು ನೋಡುವ ಪಶುವೈದ್ಯರು ಎಲ್ಲೆಡೆ ಸಿಗುವುದಿಲ್ಲ, ಹಕ್ಕಿ ಚೆನ್ನಾಗಿರುವಾಗಲೇ ಹುಡುಕಿ ಒಮ್ಮೆ ತೋರಿಸಿಕೊಂಡು ಬನ್ನಿ. ಈ ವಯಸ್ಸಿನಲ್ಲಿ ಮೂಲೆ ಬಿಟ್ಟು ಕದಲದ ಮರಿಯನ್ನು ಹೇಗೂ ಒಮ್ಮೆ ತೋರಿಸುವುದು ಒಳ್ಳೆಯದು.

* * *

ಗಂಡೋ ಹೆಣ್ಣೋ ಈಗಲೇ ಹೇಳೋಕೆ ಆಗುವುದಿಲ್ಲ. ಬೂದು ಬಣ್ಣದವು ಮರಿಯಾಗಿದ್ದಾಗ ಎಲ್ಲವೂ ಹೆಣ್ಣಿನ ಹಾಗೇ ಕಾಣುತ್ತವೆ. ಸುಮಾರು ಆರು ತಿಂಗಳ ಮೇಲೆ ಗರಿ ಉದುರಿ ಹೊಸದು ಬಂದಾಗ, ಗಂಡಿನ ಮುಖ ಹೊಳೆಯುವ ಹಳದಿಯಾಗುತ್ತದೆ, ಬಾಲದ ಅಡಿಯ ಪಟ್ಟೆ ಮಾಯವಾಗುತ್ತದೆ. ಹೆಣ್ಣಿಗೆ ಪಟ್ಟೆ ಹಾಗೇ ಉಳಿಯುತ್ತದೆ. ಉದ್ದುದ್ದ ಸಿಳ್ಳೆ ಹಾಕೋದು, ರೆಕ್ಕೆಯನ್ನು ಮೈಯಿಂದ ಸ್ವಲ್ಪ ಎತ್ತಿ ಬೀಗುತ್ತಾ ಓಡಾಡೋದು ಹೆಚ್ಚಾಗಿ ಗಂಡು.

ಹೆಣ್ಣಾದರೆ ಒಂದು ವಿಷಯ ಗೊತ್ತಿರಲಿ. ಗಂಡು ಇಲ್ಲದಿದ್ದರೂ ಮೊಟ್ಟೆ ಇಡುತ್ತದೆ. ಪದೇ ಪದೇ ಇಟ್ಟರೆ ಮೈಯ ಕ್ಯಾಲ್ಸಿಯಂ ಬರಿದಾಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಅದಕ್ಕೇ ಪೆಟ್ಟಿಗೆ, ಬೀರುವಿನ ಸಂದಿಯಂಥ ಕತ್ತಲ ಜಾಗಕ್ಕೆ ನುಗ್ಗೋಕೆ ಬಿಡಬೇಡಿ. ತಲೆ, ಕೆನ್ನೆ ಕೆರೆಯಿರಿ, ಬೆನ್ನು ಸವರಬೇಡಿ.

* * *

ಮತ್ತೆ ನಾನೇ. ಪಂಜರ ಕೋಣೆಗೆ ಸಾಗಿಸಿದೆವು, ರಾತ್ರಿ ದೀಪವೂ ಬಂತು. ಕೊನೆಯ ಪ್ರಶ್ನೆ. ಹಗಲು ನಾಲ್ಕೈದು ಗಂಟೆ ಮನೆಯಲ್ಲಿ ಯಾರೂ ಇರುವುದಿಲ್ಲ. ಜೊತೆಗೆ ಇನ್ನೊಂದು ತರಬೇಕಾ?

* * *

ಈಗಲೇ ಬೇಡ. ನಾಲ್ಕೈದು ಗಂಟೆ ಅದು ಒಂಟಿಯಾಗಿ ಇರಬಲ್ಲದು, ಮಿಕ್ಕ ಹೊತ್ತು ನೀವು ಜೊತೆಗಿದ್ದರೆ. ಹೋಗುವ ಮೊದಲು ಕಾಳನ್ನು ಕಾಗದದಲ್ಲಿ ಮಡಚಿ ಅಲ್ಲಲ್ಲಿ ಸಿಕ್ಕಿಸಿಡಿ, ಬಿಡಿಸುತ್ತಾ ಹೊತ್ತು ಕಳೆಯುತ್ತದೆ. ದಪ್ಪ, ಸಣ್ಣ ಬೇರೆ ಬೇರೆ ಅಳತೆಯ ಮರದ ಕೋಲು ಹಾಕಿ, ಒಂದೇ ಅಳತೆಯ ಪ್ಲಾಸ್ಟಿಕ್ ಕೋಲಿನಿಂದ ಪಾದ ನೋಯುತ್ತದೆ.

ಮುಂದೆ ಯಾವತ್ತಾದರೂ ಎರಡನೆಯದು ತಂದರೆ ಕನಿಷ್ಠ 30 ದಿನ ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲಿನಲ್ಲಿ ಇಡಿ. ಮೊದಲು ಹಳೆಯದನ್ನು ನೋಡಿಕೊಂಡು ಆಮೇಲೆ ಹೊಸದರ ಹತ್ತಿರ ಹೋಗಿ, ಕೈ ತೊಳೆದುಕೊಳ್ಳಿ. ಸಿಟಕೋಸಿಸ್ ಪರೀಕ್ಷೆ ಮಾಡಿಸಿ, ಅದು ಹಕ್ಕಿಯಿಂದ ಮನುಷ್ಯರಿಗೂ ಹರಡುವ ಕಾಯಿಲೆ. ಇನ್ನೊಂದು ಪಂಜರವನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಎರಡಕ್ಕೂ ಹೊಂದಾಣಿಕೆ ಆಗದಿದ್ದರೆ ಕೊನೆಯ ತನಕ ಬೇರೆ ಬೇರೆಯೇ ಇರಬೇಕಾಗುತ್ತದೆ.